ಬೀರಪ್ಪನ ಟಗರು, ನಮ್ಮ ಮನೆಯ ಬುನಾದಿ

ಮನೆಗೆ ಬುನಾದಿ ಬಿದ್ದಿತ್ತು, ಗೋಡೆ ಬರಬೇಕಿತ್ತು. ಹಿರೇಗುಂಟನೂರಿನ ಹೊರಗಿನ ನಮ್ಮ ಕುರಿ ಸಂಶೋಧನಾ ಘಟಕ ಎಂದರೆ ಒಂದು ತಗಡಿನ ಶೆಡ್ಡು, ಒಂದು ನೀರಿನ ತೊಟ್ಟಿ, ಮತ್ತು ಪಕ್ಕದಲ್ಲಿ ಮೊಣಕಾಲೆತ್ತರಕ್ಕೆ ಎದ್ದು ಅಲ್ಲಿಗೇ ನಿಂತುಬಿಟ್ಟಿದ್ದ ಆ ಕಲ್ಲಿನ ಬುನಾದಿ. ನಕ್ಷೆಯ ಪ್ರಕಾರ ಎರಡು ಕೋಣೆ, ಒಂದು ಅಡಿಗೆಮನೆ. ಎಪ್ಪತ್ತರ ದಶಕದ ನಡುವಿನ ಮಾತು. ಪಶುವೈದ್ಯ ಪದವಿ ಮುಗಿಸಿ, ವಿಶ್ವವಿದ್ಯಾಲಯದ ತಳಿ ಸುಧಾರಣೆ ಯೋಜನೆಗೆ ಸಂಶೋಧನಾ ಸಹಾಯಕನಾಗಿ ಸೇರಿದ್ದೆ. ಮದುವೆಯೂ ಆಗಿತ್ತು. ಹೆಂಡತಿ ಮಾತ್ರ ಹೊಳಲ್ಕೆರೆಯ ತವರಿನಲ್ಲೇ ಇದ್ದಳು. ಪರದೇಶದ ಟಗರನ್ನು ಒಂಟಿಯಾಗಿ ಬಿಟ್ಟು ಊರೊಳಗೆ ಮಲಗುವ ಹಾಗಿಲ್ಲ ಎಂದು ನನಗೆ ಮೇಲಿನವರ ಕಟ್ಟಪ್ಪಣೆ. ನಾನು ಮಲಗುವ ಶೆಡ್ಡಿನ ಮೇವಿನ ಕೋಣೆಗೆ ಮಗಳನ್ನು ಸಂಸಾರಕ್ಕೆ ಕಳಿಸುವುದಿಲ್ಲ ಎಂದು ಮಾವನವರ ಹಟ. ಇಬ್ಬರ ಮಾತಿನಲ್ಲೂ ತಪ್ಪು ಹುಡುಕಲು ನನಗೆ ಆಗುತ್ತಿರಲಿಲ್ಲ, ಅದೇ ನನ್ನ ಕರ್ಮ.

ನಮ್ಮ ಪ್ರೊಫೆಸರರು ಬೆಂಗಳೂರಿನಿಂದ ಜೀಪಿನಲ್ಲಿ ಬಂದಾಗಲೆಲ್ಲ ಬುನಾದಿಯ ಮೇಲೆ ಒಂದು ಕಾಲಿಟ್ಟು ಅದೇ ಮಾತು ಹೇಳುತ್ತಿದ್ದರು. "ಪ್ರಯೋಗ ಫಲ ಕೊಟ್ರೆ ಯೋಜನೆ ಮುಂದುವರಿಯುತ್ತೆ. ಯೋಜನೆ ಮುಂದುವರಿದ್ರೆ ಗೋಡೆ ಏಳುತ್ತೆ. ನೀನು ಕುರಿ ಕಡೆ ನೋಡ್ಕೊಳಪ್ಪ, ಮನೆ ತಾನಾಗೇ ಬರುತ್ತೆ."

ಹೆಂಡತಿ ಒಮ್ಮೆ ತನ್ನ ತಾಯಿಯ ಜೊತೆ ಬಂದು ನೋಡಿಕೊಂಡು ಹೋಗಿದ್ದಳು. ಶೆಡ್ಡನ್ನು ಮೂಗು ಮುಚ್ಚಿಕೊಂಡು ನೋಡಿದವಳು ಬುನಾದಿ ಕಂಡ ಕೂಡಲೇ ಸೆರಗು ಸಿಕ್ಕಿಸಿ ಮೇಲೆ ಹತ್ತಿದಳು. ಅತ್ತಿತ್ತ ಅಡ್ಡಾಡಿ, ಒಂದು ಮೂಲೆಯಲ್ಲಿ ಮೂರು ಕಲ್ಲು ಜೋಡಿಸಿ, "ಒಲೆ ಇಲ್ಲಿ. ಹೊಗೆ ಆ ಕಡೀಗೆ ಹೋಗ್ತೈತೆ," ಎಂದಳು.

"ಮೊದಲು ಗೋಡೆ ಬರಲಿ ಕಣೇ."

"ಒಲೆ ಇದ್ರೆ ಮನೆ. ಗೋಡೆ ಯಾವಾಗಾದ್ರೂ ಬರ್ಲಿ ಬಿಡ್ರಿ."

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದಳು ಎಂದು ಅತ್ತೆ ನಕ್ಕರು. ನನಗೆ ನಗು ಬರಲಿಲ್ಲ. ಅವರು ಹೋದ ಮೇಲೆ ನಾನು ದಿನಾ ಸಂಜೆ ಆ ಮೂರು ಕಲ್ಲಿನ ಎದುರು ಸ್ವಲ್ಪ ಹೊತ್ತು ಕುಳಿತು ಬರತೊಡಗಿದೆ.

ಪ್ರಯೋಗ ಹೇಳಲು ಸುಲಭ. ಇಲ್ಲಿಯ ಕರಿ ಕುರಿಗಳ ಉಣ್ಣೆ ಒರಟು, ಕಂಬಳಿಗೆ ಬಿಟ್ಟು ಬೇರೆಯದಕ್ಕೆ ಬಾರದು. ಮೈಯೂ ಸಣ್ಣದು. ಪರದೇಶದ ನವಿರು ಉಣ್ಣೆಯ ಮೆರಿನೊ ಟಗರನ್ನು ಈ ಹೆಣ್ಣು ಕುರಿಗಳಿಗೆ ಬಿಟ್ಟರೆ ಹುಟ್ಟುವ ಮರಿಗಳು ಎಷ್ಟು ಬೆಳೆಯುತ್ತವೆ, ಎಂಥ ಉಣ್ಣೆ ಕೊಡುತ್ತವೆ, ಮಂದೆಯ ಜೊತೆ ಬಿಸಿಲಲ್ಲಿ ನಡೆದು ಬದುಕುತ್ತವೆಯೇ? ಫಾರಂನಲ್ಲಿ ಸಾಕಿ ನೋಡಿದವರು ಇದ್ದರು. ಕುರಿಗಾರರ ಮಂದೆಯಲ್ಲೇ ಬಿಟ್ಟು ನೋಡಬೇಕು ಎಂಬುದು ನಮ್ಮ ಪ್ರೊಫೆಸರರ ಆಸೆ. ಊರಿನಿಂದ ಕೂಗಳತೆಯ ಒಂದು ಹಟ್ಟಿಯವರು ಒಪ್ಪಿದರು. ಕುರಿ ಅವರವು, ಹುಟ್ಟುವ ಮರಿಯೂ ಅವರದೇ. ಮಂದೆಗೆ ಔಷಧ, ಆರೈಕೆ ನಮ್ಮದು. ಹಟ್ಟಿಯ ಯಜಮಾನ ಯಾವ ಮಾತಿಗೂ ಮೀಸೆ ತೀಡಿ ಎರಡು ಸಲ ಯೋಚಿಸುವ ಮನುಷ್ಯ. ಯಜಮಾನತಿ ಯೋಚಿಸುವ ಮೊದಲೇ ಉತ್ತರ ಕೊಟ್ಟಿರುತ್ತಿದ್ದಳು. ಈದ ಕುರಿಗಳ ರೊಪ್ಪ, ಎಂದರೆ ಮುಳ್ಳುಬೇಲಿಯ ದೊಡ್ಡಿ, ಪೂರ್ತಿ ಅವಳ ಕೈಯಲ್ಲಿತ್ತು.

ಮೆರಿನೊ ಟಗರಿಗೆ ಹಟ್ಟಿಯವರು 'ದೊರೆ' ಎಂದು ಹೆಸರಿಟ್ಟರು. ಬೆಳ್ಳಗೆ, ಕತ್ತಿನ ತುಂಬ ಮಡಿಕೆ, ಕಣ್ಣಿನವರೆಗೂ ಉಣ್ಣೆ. ಮಧ್ಯಾಹ್ನವಾದರೆ ದೊರೆ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಶೆಡ್ಡಿನ ಬಾಗಿಲಿಗೆ ಗೋಣಿ ತಟ್ಟು ಕಟ್ಟಿ, ಅದಕ್ಕೆ ನೀರು ಎರಚುತ್ತ ಕೂರುವುದು ನನ್ನ ಕೆಲಸ. "ದೊರೆಗೆ ಪಂಖ ಎಳೆಯೋನು ಬಂದ," ಎಂದು ಯಜಮಾನತಿ ದಾರಿಯಲ್ಲಿ ಹೋಗುವಾಗಲೆಲ್ಲ ನನಗೆ ಕೇಳಿಸುವಂತೆಯೇ ಹೇಳುತ್ತಿದ್ದಳು.

ದೊರೆಯನ್ನು ಮಂದೆಗೆ ಬಿಡುವ ಮುಂಚೆ ಹಟ್ಟಿಯ ಟಗರುಗಳನ್ನು ಬೇರೆ ಮಾಡಬೇಕಿತ್ತು. ಇಲ್ಲದಿದ್ದರೆ ಯಾವ ಮರಿ ಯಾವುದರದೆಂದು ಹೇಗೆ ಹೇಳುವುದು? ಯಜಮಾನನನ್ನು ಕೂರಿಸಿಕೊಂಡು ಕೇಳಿದೆ.

"ಟಗರು ಎಷ್ಟಿದಾವೆ ಯಜಮಾನ್ರೇ?"

"ಮೂರು ಅವೆ ಸಾ. ಮೂರನ್ನೂ ಆದಿವಾಲದಾಗೆ ನಮ್ಮ ಬೀಗರ ಮಂದೆಗೆ ಅಟ್ತೀವಿ."

"ಗಂಡು ಮರಿಗಳು?"

"ದೊಡ್ಡವಕ್ಕೆಲ್ಲ ಬೀಜ ಒಡೆದೈತೆ. ಹಾಲು ಕುಡಿಯೋವು ಏನ್ ಮಾಡ್ತಾವೆ?"

"ಇನ್ನೊಂದೂ ಇಲ್ಲ ತಾನೇ?"

ಆತ ಮೀಸೆ ತೀಡಿ, ಯೋಚಿಸಿ, "ಬೀರಪ್ಪನಾಣೆ ಇಲ್ಲ ಸಾ," ಎಂದ. ಹಟ್ಟಿಯ ಕುಲದೇವರ ಆಣೆಯ ಮೇಲೆ ಯಾವ ವಿಜ್ಞಾನಿ ಮಾತಾಡುತ್ತಾನೆ? ಮೂರು ಟಗರು ಆದಿವಾಲಕ್ಕೆ ಹೋದವು.

ಮುಂಗಾರು ಬಿದ್ದು ಹುಲ್ಲು ಚಿಗುರುತ್ತಿದ್ದಂತೆ ಕುರಿಗಳು ಬೆದೆಗೆ ಬರತೊಡಗಿದವು. ಕೆಮ್ಮಣ್ಣನ್ನು ಹರಳೆಣ್ಣೆಯಲ್ಲಿ ಕಲಸಿ ದೊರೆಯ ಎದೆಗೆ ದಪ್ಪವಾಗಿ ಬಳಿದು ಸಂಜೆ ಮಂದೆಯೊಳಕ್ಕೆ ಬಿಡುತ್ತಿದ್ದೆವು. ದೊರೆ ಹಾರಿದ ಕುರಿಯ ಬೆನ್ನಿನ ತುದಿಗೆ ಆ ಕೆಂಪು ಮೆತ್ತಿಕೊಳ್ಳುತ್ತಿತ್ತು. ಬೆಳಿಗ್ಗೆ ರೊಪ್ಪದ ಕಿಂಡಿಯಲ್ಲಿ ಒಂದೊಂದನ್ನೇ ಹೊರಬಿಡುತ್ತ, ಕೆಂಪಾದುವುಗಳ ಕಿವಿಯ ಬಿಲ್ಲೆ ನೋಡಿ ಬರೆದುಕೊಳ್ಳುವುದು. ಹಟ್ಟಿಯ ಹೆಂಗಸರಿಗೆ ಇದು ದಿನದ ತಮಾಷೆ. "ಇವತ್ತು ಯಾರಿಗೆ ಅರಿಶಿನ ಕುಂಕುಮ ಕೊಟ್ನವ್ವ ದೊರೆ?" ಎಂದು ಕೇಳಿ ಸೆರಗಿನಲ್ಲಿ ನಗುತ್ತಿದ್ದರು. ಕೆಲವು ಕುರಿಗಳ ಬೆನ್ನು ಕೆಂಪಾಗಲೇ ಇಲ್ಲ. ಮಳೆಗೆ ತೊಳೆದುಹೋಗಿರಬೇಕು ಎಂದುಕೊಂಡೆ.

ಬಿಡುವಿದ್ದ ಭಾನುವಾರ, ಯಜಮಾನನ ಮನೆಯವರನ್ನು ದೊರೆಯ ಕಾವಲಿಗಿಟ್ಟು, ದುರ್ಗಕ್ಕೆ ಹೋಗಿ ಹೊಳಲ್ಕೆರೆ ಬಸ್ಸು ಹತ್ತುತ್ತಿದ್ದೆ. ಎರಡು ಸಲ ಸೋಪು ಹಚ್ಚಿ ಮಿಂದರೂ ಹೆಂಡತಿ ಬಾಗಿಲಲ್ಲೇ ಮೂಗು ಅರಳಿಸುತ್ತಿದ್ದಳು. "ಬಂದ್ರಾ? ಟಗರು ಮೊದ್ಲು ಬಂತು, ನೀವು ಆಮೇಲೆ ಬಂದ್ರಿ." ಮಾವನವರ ಮನೆಯ ತುಂಬ ಜನ. ನಾವಿಬ್ಬರೇ ಮಾತಾಡಬೇಕೆಂದರೆ ಬಯಲು ಗಣಪನ ದರ್ಶನದ ನೆಪ ಬೇಕಿತ್ತು. ಎರಡಾಳೆತ್ತರದ ಗಣಪತಿ, ಮೇಲೆ ಸೂರಿಲ್ಲ, ಬಿಸಿಲಿಗೆ ಮಳೆಗೆ ಹಾಗೇ ಕುಳಿತಿರುವ ದೇವರು. ಪ್ರದಕ್ಷಿಣೆ ಹಾಕುತ್ತ ಅವಳು ಪಾತ್ರೆ ಪಡಗ ಜೋಡಿಸಿಟ್ಟಿರುವುದನ್ನು ಹೇಳುತ್ತಿದ್ದಳು. ಒಂದು ಸಲ ನಡುವೆ ನಿಂತು, "ಅವನಿಗೂ ಸೂರಿಲ್ಲ, ನಮಗೂ ಸೂರಿಲ್ಲ. ಅವನೇನೋ ದೇವ್ರು, ತಡ್ಕಂತಾನೆ," ಎಂದಳು. ನಾನು ಇನ್ನೊಂದು ಸುತ್ತು ಹೆಚ್ಚಿಗೆ ಹಾಕಿದೆ, ಅಷ್ಟು ಹೊತ್ತು ಜೊತೆಗಿರಬಹುದಲ್ಲ ಎಂದು. ಸಂಜೆ ಬಸ್ಸು ಹೊರಟರೆ, ಮದುವೆಯಾದ ಗಂಡಸು ಅಳಬಾರದೆಂದು ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದೆ.

ಕುರಿಯ ಗಬ್ಬ ಐದು ತಿಂಗಳು. ಕಾರ್ತಿಕದ ಚಳಿಗೆ ಮೊದಲ ಕುರಿ ಈದಿತು. ಯಜಮಾನತಿ ರೊಪ್ಪದಿಂದ ಕೂಗಿದಳು, "ದೊರೆ ಮಗ ಬಂದ ಬರ್ರಿ ಡಾಕ್ಟ್ರೇ!" ಹಾಲಿನಂಥ ಬಿಳಿ ಮರಿ, ಹಣೆಯ ಮೇಲೆ ಆಗಲೇ ಉಣ್ಣೆಯ ಗುಂಗುರು. ಗೋಣಿಯ ಜೋಳಿಗೆಯಲ್ಲಿ ಹಾಕಿ ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿದೆ. ಹಟ್ಟಿಯ ಸಾಮಾನ್ಯ ಮರಿಗಿಂತ ಚೆನ್ನಾಗಿಯೇ ತೂಗಿತು. ವಾರವಿಡೀ ಬಿಳಿ ಮರಿಗಳೇ ಬಂದವು. ನಾನು ಮನಸ್ಸಿನಲ್ಲೇ ಗೋಡೆ ಎಬ್ಬಿಸುತ್ತಿದ್ದೆ. ಕಿಟಕಿ ಯಾವ ಕಡೆ ಇರಬೇಕು ಎಂದು ಯೋಚಿಸುವವರೆಗೆ ಹೋಗಿದ್ದೆ.

ಆಮೇಲೆ ಒಂದು ಬೆಳಿಗ್ಗೆ ಒಂದು ಕುರಿ ಕಪ್ಪು ಮರಿ ಹಾಕಿತು. ಇದ್ದಿಲಿನ ಹಾಗೆ ಕಪ್ಪು, ಬೋಳು ಮುಖ, ಉದ್ದ ಕಾಲು. ಎಲ್ಲೋ ಒಂದು ತಾಯಿಯ ಬಣ್ಣಕ್ಕೆ ಹೋಗಿರಬಹುದು ಎಂದು ಸಮಾಧಾನ ಮಾಡಿಕೊಂಡೆ. ಮರುದಿನ ಇನ್ನೆರಡು. ಹುಣ್ಣಿಮೆಯ ಹೊತ್ತಿಗೆ ರೊಪ್ಪದಲ್ಲಿ ಬಿಳಿಗೆ ಸಮವಾಗಿ ಕಪ್ಪು ಕುಣಿಯುತ್ತಿತ್ತು. ಬಿಲ್ಲೆ ನೋಡಿದರೆ, ಬೆನ್ನು ಕೆಂಪಾಗದೆ ಉಳಿದಿದ್ದ ಕುರಿಗಳೇ ಇವು. ಮಳೆಗೆ ತೊಳೆದುಹೋಗಿದ್ದು ನನ್ನ ಬುದ್ಧಿ.

ಸಿಟ್ಟು ನೆತ್ತಿಗೇರಿತು. "ಯಜಮಾನ್ರೇ, ಆಣೆ ಇಟ್ಟು ಹೇಳಿದ್ರಲ್ಲ, ಇನ್ನೊಂದು ಟಗರಿಲ್ಲ ಅಂತ? ಇವು ಎಲ್ಲಿಂದ ಬಂದವು?"

ಆತ ನಿಜವಾಗಿಯೂ ದಿಕ್ಕು ತೋಚದೆ ನಿಂತ. ಯಜಮಾನತಿ ಮರಿಯೊಂದನ್ನು ಎತ್ತಿ ಮುಖ ನೋಡಿ, ಏನೂ ಆಗದವಳ ಹಾಗೆ, "ಬೀರಪ್ಪಂದು," ಎಂದಳು.

ಅವಳು ಕೈ ತೋರಿದ ಕಡೆ ನೋಡಿದೆ. ನಮ್ಮ ನೀರಿನ ತೊಟ್ಟಿಯ ಪಕ್ಕ ಒಂದು ದೊಡ್ಡ ಕರಿ ಟಗರು ನಿಂತಿತ್ತು. ಅದನ್ನು ನಾನು ಕಾಣದವನಲ್ಲ. ಸುರುಳಿ ಕೊಂಬು, ಕತ್ತರಿ ಕಾಣದ ಉಣ್ಣೆ ಹರಕು ಕಂಬಳಿಯ ಹಾಗೆ ಮೊಣಕಾಲವರೆಗೆ ಜೋತುಬಿದ್ದ ಪ್ರಾಣಿ. ಯಾವುದೋ ಊರಿನ, ಬೀಜ ಒಡೆದ ಮುದಿ ಟಗರು ಎಂದುಕೊಂಡು ನಾನೇ ಎಷ್ಟೋ ಸಲ ಅದಕ್ಕೆ ನೀರು ಬಿಟ್ಟಿದ್ದೆ. ಅದು ಬೀರಪ್ಪನಿಗೆ ಬಿಟ್ಟ ಟಗರು. ಸುತ್ತಿನ ಹಟ್ಟಿಗಳಲ್ಲಿ ಒಳ್ಳೆಯ ವರ್ಷ ಹುಟ್ಟಿದ ಮರಿಗಳಲ್ಲೇ ಎಲ್ಲಕ್ಕಿಂತ ಚೆಲುವಾದುದನ್ನು ಆರಿಸಿ ದೇವರಿಗೆ ಬಿಡುತ್ತಾರೆ. ಆಮೇಲೆ ಅದಕ್ಕೆ ಹಗ್ಗವಿಲ್ಲ, ಕತ್ತರಿಯಿಲ್ಲ, ಗದರಿಕೆಯೂ ಇಲ್ಲ. ಇವತ್ತು ಈ ಮಂದೆ, ನಾಳೆ ಆ ಮಂದೆ, ಎಲ್ಲಿ ಮಲಗಿದರೆ ಅದೇ ಜಾಗ.

"ಅದು ಟಗರಲ್ವೇನಮ್ಮ?"

"ಟಗರಿನಂಗೇ ಐತೆ. ಆದ್ರೆ ಟಗರಿನ ಲೆಕ್ಕಕ್ಕೆ ಹೆಂಗೆ ಹಿಡಿಯಾದು ಡಾಕ್ಟ್ರೇ? ಗುಡಿಯಾಗೆ ಎಷ್ಟು ಜನ ಅವ್ರೆ ಅಂತ ಕೇಳಿದ್ರೆ ನೀವು ದೇವ್ರನ್ನೂ ಸೇರಿಸಿ ಎಣಿಸ್ತೀರಾ?"

ಯಜಮಾನ ಸುಳ್ಳು ಹೇಳಿರಲಿಲ್ಲ. ಯಾರ ಮೇಲೆ ಆಣೆ ಇಟ್ಟಿದ್ದನೋ ಅವನ ಟಗರೇ ನನ್ನ ಪ್ರಯೋಗದೊಳಗೆ ನುಗ್ಗಿತ್ತು. ಆ ಸಂಜೆ ಬುನಾದಿಯ ಮೇಲೆ ಕುಳಿತಾಗ ಮೂರು ಕಲ್ಲಿನ ಕಡೆ ನೋಡಲು ಆಗಲಿಲ್ಲ.

ಪ್ರೊಫೆಸರರು ಬಂದರು. ರೊಪ್ಪದಲ್ಲಿ ಬಿಳಿ ಮರಿ, ಕಪ್ಪು ಮರಿಗಳನ್ನು ಬೇರೆ ಬೇರೆ ಎಣಿಸಿದರು. ಬೈಯುವ ಜಾತಿಯವರಲ್ಲ ಅವರು, ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಕೊನೆಗೆ, ಮುಂದಿನ ಮುಂಗಾರಿಗೆ ಪ್ರಯೋಗವನ್ನು ಹೊಸದಾಗಿ ಮಾಡೋಣ, ಆದರೆ ಆ ಅವಧಿಗೆ ದೇವರ ಟಗರನ್ನು ಕಟ್ಟಿಹಾಕಬೇಕು ಎಂದರು. ಯಜಮಾನ ಮೀಸೆ ತೀಡಿದ. "ಕಟ್ಟಾಕೆ ನಮ್ಮಪ್ಪನ ಮನೇದಲ್ಲ ಸಾ. ಬೇಕಾದ್ರೆ ಹೂ ಕೇಳಾಣ."

ಹೂ ಕೇಳುವುದೆಂದರೆ, ದೇವರ ಮುಡಿಯ ಎಡಕ್ಕೂ ಬಲಕ್ಕೂ ಹೂ ಏರಿಸಿ ಪ್ರಶ್ನೆ ಕೇಳಿ ಕಾಯುವುದು. ಬಲದ್ದು ಬಿದ್ದರೆ ಒಪ್ಪಿಗೆ, ಎಡದ್ದು ಬಿದ್ದರೆ ಇಲ್ಲ. ಸಂಕ್ರಾಂತಿ ಕಳೆದ ಮೇಲೆ ಒಂದು ಸೋಮವಾರ ಬೆಳಿಗ್ಗೆ ನಾವೆಲ್ಲ ಬೀರಪ್ಪನ ಗುಡಿಯಲ್ಲಿ ಕುಳಿತೆವು. ಪರದೇಶದಲ್ಲಿ ಓದಿ ಬಂದ ಪ್ರೊಫೆಸರರು ಪ್ಯಾಂಟಿನಲ್ಲೇ ಚಕ್ಕಳಮಕ್ಕಳ ಹಾಕಿ, ಬೂಟು ಬಿಟ್ಟ ಕಾಲನ್ನು ಕೈಯಲ್ಲಿ ಮುಚ್ಚಿಕೊಂಡಿದ್ದರು. ನಾನು ಜೀವಮಾನದಲ್ಲಿ ಅಷ್ಟು ಭಕ್ತಿಯಿಂದ ಯಾವ ದೇವರನ್ನೂ ಬೇಡಿಕೊಂಡವನಲ್ಲ. ಬಲಕ್ಕೆ ಬೀಳಲಿ ತಂದೆ, ಬಲಕ್ಕೆ. ನಾಲ್ಕು ಗೋಡೆ ಕೇಳುತ್ತಿದ್ದೇನೆ, ಅರಮನೆಯನ್ನಲ್ಲ.

ಪೂಜಾರಿ ನಮ್ಮ ಕಡೆಯೇ ಇದ್ದ. ಪ್ರಶ್ನೆಯನ್ನು ಎಷ್ಟು ನಯವಾಗಿ ಕೇಳಬಹುದೋ ಅಷ್ಟು ನಯವಾಗಿ ಕೇಳಿದ. ಹೂ ಅಲುಗಿತು. ಎಡದ್ದು ಜಾರಿ ಕೆಳಗೆ ಬಿತ್ತು.

ಪ್ರೊಫೆಸರರು ಮೆಲ್ಲಗೆ, "ಇನ್ನೊಂದು ಸಲ ಕೇಳಬಹುದಾ?" ಎಂದರು.

"ಬೀರಪ್ಪ ಏನು ಆಫೀಸಾ ಸಾ, ಅರ್ಜಿ ಮ್ಯಾಲೆ ಅರ್ಜಿ ಹಾಕಾಕೆ?" ಎಂದ ಪೂಜಾರಿ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಗಾದೆ ನಮ್ಮ ಪಾಲಿಗೆ ತಿರುವುಮುರುವಾಯಿತು. ಜೀಪಿನ ಹತ್ತಿರ ಪ್ರೊಫೆಸರರು, ಇನ್ನು ಕೈಯಲ್ಲಿರುವ ಮರಿಗಳೇ ಗತಿ ಎಂದರು. ಬಿಳಿಯವನ್ನು ಮಾತ್ರ ತೂಗು, ಕಪ್ಪನ್ನು ಬಿಟ್ಟುಬಿಡು, ಅವು ನಮ್ಮ ಯೋಜನೆಯವಲ್ಲ. ನಾನು ತಲೆಯಾಡಿಸಿದೆ. ಆದರೆ ಮುಂದಿನ ತೂಕದ ದಿನ ಕಪ್ಪು ಮರಿಗಳನ್ನೂ ಜೋಳಿಗೆಗೆ ಹಾಕಿದೆ. ಯಾಕೆಂದು ಕೇಳಿದರೆ ದೊಡ್ಡ ಕಾರಣವೇನೂ ಇಲ್ಲ. ಒಂದೇ ಮಂದೆ, ಒಂದೇ ಮೇವು, ಒಂದೇ ವಯಸ್ಸು. ತಕ್ಕಡಿ ಕೈಯಲ್ಲಿ ಹಿಡಿದು ಅರ್ಧ ಮರಿಗಳನ್ನು ಹಾಗೇ ದಾಟಿಸಿಬಿಡಲು ನನ್ನ ಕೈ ಬರಲಿಲ್ಲ.

ಮೂರು ತಿಂಗಳಿಗೆ, ಹಾಲು ಬಿಡಿಸುವ ಹೊತ್ತಿಗೆ, ಬಿಳಿಯವು ಮುಂದಿದ್ದವು. ದೊರೆಯ ಮಕ್ಕಳು ಗುಂಡಗೆ, ಮೈತುಂಬ ಮೆತ್ತನೆಯ ಉಣ್ಣೆ. ನನಗೆ ಮತ್ತೆ ಆಸೆ ಚಿಗುರಿತು. ಆ ಭಾನುವಾರ ಹೊಳಲ್ಕೆರೆಯಲ್ಲಿ, "ಕಿಟಕಿ ಮೂಡಣಕ್ಕೆ ಇಡಿಸೋಣ," ಎಂದೆ. ಹೆಂಡತಿ ಗಣಪನ ಎದುರು ಕಾಯಿ ಒಡೆಸಿದಳು.

ಬೇಸಿಗೆ ಬಂತು. ಮಂದೆ ಹಟ್ಟಿ ಬಿಟ್ಟಿತು. ಆದಿವಾಲದ ನಾಲೆಯ ಬಯಲಿನಲ್ಲಿ ಕೊಯ್ಲಾದ ಗದ್ದೆಗಳಿಗೆ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತ, ಅಲ್ಲಿಂದ ಮಾರಿಕಣಿವೆಯ ಹಿನ್ನೀರಿನ ದಡಕ್ಕೆ. ದೊರೆಯನ್ನು ನೋಡಿಕೊಳ್ಳಲು ವಿಶ್ವವಿದ್ಯಾಲಯದಿಂದ ಒಬ್ಬರು ಬಂದಿದ್ದರಿಂದ ನಾನು ತಕ್ಕಡಿ ಹೊತ್ತು ಮಂದೆಯ ಹಿಂದೆ ನಡೆದೆ. ಭಾನುವಾರಗಳು ತಪ್ಪಿಹೋದವು. ಹಿನ್ನೀರಿನ ಮೇಲೆ ಸಂಜೆ ಗಾಳಿ ಬೀಸುವಾಗ ಎದುರಿನ ಗುಡ್ಡದ ಆಚೆ ಹೊಳಲ್ಕೆರೆ ಇದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ಆ ದಿಕ್ಕಿನಲ್ಲಿ ಇತ್ತೋ ಇಲ್ಲವೋ, ನನಗೆ ಬೇಕಾದ ಕಡೆ ಇಟ್ಟುಕೊಂಡಿದ್ದೆ.

ಯಜಮಾನತಿಗೆ ಇದು ತಿಳಿಯದೆ ಇರುತ್ತದೆಯೇ? "ಹೆಂಡ್ರು ನೆಪ್ಪಾದ್ರಾ? ಟಗರಾದ್ರೆ ಬೇಲಿ ಹಾರ್ತೈತೆ. ನಿಮಗೆ ಬಸ್ಸೈತೆ, ಹೋಗಿಬರ್ರಿ."

"ತೂಕ ತಪ್ಪುತ್ತಮ್ಮ."

"ತೂಕ ಹಾಕ್ಕೊಂತ ಕುಂತ್ಕಳ್ರಿ ಹಂಗಾರೆ," ಎಂದು ಅವಳು ಮುದ್ದೆ ಇಟ್ಟಳು.

ನಡಿಗೆಯಲ್ಲಿ ಬಿಳಿ ಮರಿಗಳ ಬಣ್ಣ ಬಯಲಾಯಿತು. ಉತ್ತರಾಣಿ ಬೀಜ ಅವುಗಳ ಮೆತ್ತನೆಯ ಉಣ್ಣೆಯೊಳಗೆ ಇಳಿದು, ಬಿಡಿಸಿದಷ್ಟೂ ಚರ್ಮಕ್ಕೆ ಹತ್ತಿ, ಗಾಯವಾಗಿ ಹುಳ ಬಿತ್ತು. ಮುಖದ ಉಣ್ಣೆ ಬೆಳೆದು ಕಣ್ಣು ಮುಚ್ಚಿ, ಮಂದೆ ಎಡಕ್ಕೆ ತಿರುಗಿದರೆ ಇವು ನೇರ ಹೋಗಿ ಜಾಲಿಗೆ ಮುಗ್ಗರಿಸುತ್ತಿದ್ದವು. ಯಜಮಾನತಿ ದಿನಾ ಬೆಳಿಗ್ಗೆ ಒಂದೊಂದನ್ನೇ ತೊಡೆಯ ಮೇಲೆ ಹಾಕಿಕೊಂಡು ಕಣ್ಣಿನ ಸುತ್ತ ಕತ್ತರಿಸುತ್ತಿದ್ದಳು. ಬೈಗುಳಕ್ಕೆ ಬೈಗುಳ, ಆರೈಕೆಗೆ ಆರೈಕೆ. "ಲೇ ದೊರೆ ಮಗನೇ, ನಿಂಗೆ ಕಣ್ಣು ಕೊಟ್ಟಿದ್ದು ನೋಡಾಕೆ ಕಣ್ಲಾ." ನಾನು ಗಾಯಕ್ಕೆ ಬೇವಿನೆಣ್ಣೆ, ಕರ್ಪೂರ ಹಚ್ಚುತ್ತ ಪಕ್ಕದಲ್ಲಿರುತ್ತಿದ್ದೆ. ಮಧ್ಯಾಹ್ನ ಕಪ್ಪು ಮರಿಗಳು ಬಂಡೆಯ ನೆರಳಿನಲ್ಲಿ ಮೆಲುಕು ಹಾಕುತ್ತಿದ್ದರೆ ಬಿಳಿಯವು ಬಾಯಿ ತೆರೆದು ಏದುತ್ತಿದ್ದವು. ಕೆಲವು ಏದುತ್ತಲೇ ಸತ್ತವು. ಅವಳ ಮಡಿಲಲ್ಲೇ ಒಂದು ಸತ್ತ ದಿನ ಅವಳು ಉಣ್ಣಲಿಲ್ಲ. ಅವಳ ಪಾಲಿಗೆ ಅದು ಪ್ರಯೋಗವಾಗಿರಲಿಲ್ಲ, ಆ ವರ್ಷದ ಅರ್ಧ ಬದುಕು ಅದು.

ಬೇಸಿಗೆ ಮುಗಿಯುವ ಹೊತ್ತಿಗೆ ಬೀರಪ್ಪನ ಮಕ್ಕಳು ತೂಕದಲ್ಲಿ ದೊರೆಯ ಮಕ್ಕಳನ್ನು ದಾಟಿದ್ದವು. ಯಾಕೆ ಎಂದು ಹಿನ್ನೀರಿನ ದಡದಲ್ಲಿ ಕುಳಿತು ಯೋಚಿಸಿದೆ. ಹಟ್ಟಿಗಳಲ್ಲಿ ಚೆನ್ನಾದ ಗಂಡು ಮರಿ ಬೇಗ ಸಂತೆಗೆ ಹೋಗುತ್ತದೆ, ಉಳಿದ ಸಾಧಾರಣದ್ದೇ ಟಗರಾಗುತ್ತದೆ. ಸಂತೆಗೆ ಹೋಗದೆ, ಬೀಜ ಒಡೆಸಿಕೊಳ್ಳದೆ ಉಳಿಯುವ ಒಳ್ಳೆಯ ಮರಿ ಎಂದರೆ ದೇವರದ್ದೊಂದೇ. ಅದೂ ಒಂದೇ ಮಂದೆಗೆ ಅಂಟಿಕೊಳ್ಳದೆ ಊರೂರು ತಿರುಗುತ್ತದೆ. ತಳಿ ಸುಧಾರಣೆಯ ಪಾಠದಲ್ಲಿ ನಾವು ಮಾಡಬೇಕೆಂದು ಓದಿದ್ದೂ ಹೆಚ್ಚುಕಡಿಮೆ ಇದನ್ನೇ. ಹಾಗೆಂದು ಹಟ್ಟಿಯವರನ್ನು ಕೇಳಿದರೆ, ಅಂಥ ಯಾವ ಯೋಚನೆಯೂ ಅವರಿಗಿರಲಿಲ್ಲ. ಅದು ದೇವರದ್ದು, ಅಷ್ಟೇ.

ಮುಂಗಾರಿನ ಮುಂಚೆ ಯೋಜನೆಯ ಪರಿಶೀಲನೆ ಇತ್ತು. ಪ್ರೊಫೆಸರರು ನನ್ನ ಅಂಕಿಗಳನ್ನೆಲ್ಲ ಓದಿ, ಕನ್ನಡಕ ತೆಗೆದು ಒರೆಸಿದರು. "ನೋಡಪ್ಪ, ಹಾಲು ಬಿಡಿಸೋವರೆಗಿನ ತೂಕ, ಉಣ್ಣೆಯ ನವಿರು, ಇಷ್ಟು ಮಾತ್ರ ಕೊಡೋಣ. ಯೋಜನೆಯಲ್ಲಿ ಬರೆದಿದ್ದೂ ಅಷ್ಟೇ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಬೇಸಿಗೆಯ ಮಾತು ಮುಂದಿನ ವರ್ಷ ನೋಡೋಣ, ಅಷ್ಟರಲ್ಲಿ ನಿನ್ನ ಮನೆಗೆ ಗೋಡೆಯೂ ಬಂದಿರುತ್ತೆ." ಕನ್ನಡಕ ಹಾಕಿಕೊಂಡು ಸೇರಿಸಿದರು, "ನಿನ್ನ ದುಡಿಮೆ. ನೀನು ಹೇಳಿದ ಹಾಗೆ ಬರೆಯೋಣ."

ಅಂದೇ ಹೊಳಲ್ಕೆರೆಗೆ ಹೋದೆ. ಬಯಲು ಗಣಪನ ಎದುರು ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಹೆಂಡತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದಳು.

"ಅರ್ಧ ಬರೆದ್ರೆ ಏನಾಗ್ತೈತೆ?"

"ಬೇರೆ ಹಟ್ಟಿಗಳಿಗೂ ಮೆರಿನೊ ಟಗರು ಹಂಚುತ್ತಾರೆ. ಮನೆಗೆ ಗೋಡೆ ಬರುತ್ತೆ."

"ಪೂರ್ತಿ ಬರೆದ್ರೆ?"

"ಶೆಡ್ಡು ಮುಚ್ಚುತ್ತೆ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು. "ನನ್ನ ಕೇಳಬ್ಯಾಡ್ರಿ. ನಾನು ಮನೆ ಅಂತೀನಿ. ಎಷ್ಟು ದಿನ ಅಂತ ತವರಾಗೆ ಕುಂತ್ಕಳ್ಳಿ? ನನ್ನ ಕೇಳಿದ್ರೆ ನಾನು ಬರೇ ಮನೇನೇ ಅಂತೀನಿ." ಕಣ್ಣಲ್ಲಿ ನೀರು ತುಂಬಿತ್ತು, ದನಿಯಲ್ಲಿ ಸಿಟ್ಟು. ಅವಳು ನ್ಯಾಯ ನೀತಿ ಮಾತಾಡಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ನನಗೂ ಮನೆಯೇ ಬೇಕಿತ್ತು. ಅವಳಷ್ಟೇ ಬೇಕಿತ್ತು.

ವಾಪಸು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕುರಿ ಮಂದೆಗಳು ಅಡ್ಡ ಬಂದವು. ಡ್ರೈವರು ಹಾರನ್ ಒತ್ತುತ್ತಿದ್ದ, ಅವು ಅವಸರವಿಲ್ಲದೆ ದಾಟುತ್ತಿದ್ದವು. ಎಲ್ಲ ಕಪ್ಪು, ಬೋಳು ಮುಖದವು. ಪ್ರತಿ ಮಂದೆಯ ಹಿಂದೆಯೂ ಒಬ್ಬ ಯಜಮಾನತಿ ಇರುತ್ತಾಳೆ, ಅವಳ ತೊಡೆಯ ಮೇಲೆ ಕಣ್ಣು ಮುಚ್ಚಿದ ಒಂದು ಮರಿ ಇರುತ್ತದೆ ಎಂದು ಅನ್ನಿಸಿದ ಮೇಲೆ ನನಗೆ ಬೇರೆ ದಾರಿ ಉಳಿಯಲಿಲ್ಲ. ದುರ್ಗದಲ್ಲಿ ಇಳಿದವನೇ ಟ್ರಂಕ್ ಕಾಲ್ ಮಾಡಿ, ಪೂರ್ತಿ ಬರೆಯೋಣ ಸಾರ್ ಎಂದೆ. ಆ ಕಡೆಯಿಂದ ಪ್ರೊಫೆಸರರು, "ಸರಿಯಪ್ಪ," ಎಂದರು. ದನಿ ಬೇಸರದ್ದೋ ಸಮಾಧಾನದ್ದೋ, ತಂತಿಯ ಗೊರಗೊರದಲ್ಲಿ ತಿಳಿಯಲಿಲ್ಲ.

ಪ್ರಬಂಧ ನಾಲ್ಕು ಪುಟದ್ದಾಯಿತು. ನಾನು 'ದೇವರ ಟಗರು' ಎಂದು ಬರೆದಲ್ಲಿ ಪ್ರೊಫೆಸರರು ಹೊಡೆದು 'ಸ್ಥಳೀಯ ಟಗರು' ಮಾಡಿದರು. ಇದು ಒಂದು ಹಟ್ಟಿಯ, ಒಂದು ವರ್ಷದ ಮಾತು ಎಂದು ಒಪ್ಪಿಕೊಂಡು, ಕೊನೆಯಲ್ಲಿ ಒಂದು ವಾಕ್ಯ ಸೇರಿಸಿದೆವು: ಮಂದೆಯ ಜೊತೆ ನಡೆಯುವ ಕುರಿಗಳಿಗೆ ಪರದೇಶದ ಟಗರಿಗಿಂತ ಇಲ್ಲಿಯದೇ ಆಯ್ದ ಟಗರು ಲೇಸು. ಆ ಒಂದು ವಾಕ್ಯ ನಮ್ಮ ಮನೆಯ ನಾಲ್ಕು ಗೋಡೆಯನ್ನು ನುಂಗಿತು. ಯೋಜನೆ ನಿಂತಿತು. ದೊರೆಯನ್ನು ತಂಪು ಊರಿನ ಫಾರಂಗೆ ಒಯ್ಯಲು ಲಾರಿ ಬಂದಾಗ, ಅಷ್ಟು ಆಡಿಕೊಂಡಿದ್ದ ಯಜಮಾನತಿಯೇ ಅದರ ಹಣೆಗೆ ಕುಂಕುಮ ಇಟ್ಟು ಕಳಿಸಿದಳು.

ನನಗೆ ಬೆಂಗಳೂರಿನ ಪ್ರಯೋಗಶಾಲೆಗೆ ವರ್ಗವಾಯಿತು. ಒಂದೇ ಕೋಣೆಯ ಬಾಡಿಗೆ ಮನೆ ಸಿಕ್ಕಿತು, ಹೆಂಡತಿ ಬಂದಳು. ಗೋಡೆ, ಬಾಗಿಲು, ಕಿಟಕಿ ಎಲ್ಲ ಇದ್ದವು. ಸೀಮೆಎಣ್ಣೆ ಸ್ಟೌ ಹೊತ್ತಿಸುತ್ತ ಅವಳು ಕೆಲವೊಮ್ಮೆ ಸುಮ್ಮನೆ ನಿಂತುಬಿಡುತ್ತಿದ್ದಳು. ಮಳೆ ಬರುವ ಮುಂಚಿನ ಗಾಳಿಗೆ ನನಗೆ ಕುರಿಯ ವಾಸನೆ ಬಂದಂತಾಗಿ ಮೂಗು ಅರಳುತ್ತಿತ್ತು. ಅಲ್ಲಿದ್ದಾಗ ಇವಳಿಗಾಗಿ ಹಂಬಲಿಸಿದೆ. ಇವಳು ಸಿಕ್ಕ ಮೇಲೆ ಅದಕ್ಕಾಗಿ ಹಂಬಲಿಸಿದೆ. ಹೇಳಿದರೆ ನಗುತ್ತಾಳೆಂದು ಹೇಳಿರಲಿಲ್ಲ, ಆದರೆ ಒಂದು ಭಾನುವಾರ ಅವಳೇ, "ಒಂದ್ಸಾರಿ ಹೋಗಿ ನೋಡ್ಕಂಡು ಬರಾಣ," ಎಂದಳು. ಏನನ್ನು ಎಂದು ನಾನು ಕೇಳಲಿಲ್ಲ.

ಹೋದೆವು. ಶೆಡ್ಡಿನ ತಗಡು ಇರಲಿಲ್ಲ. ಬುನಾದಿ ಇತ್ತು. ಅದರ ಸುತ್ತ ಜಾಲಿಮುಳ್ಳು ಹಾಕಿ ಹಟ್ಟಿಯವರು ರೊಪ್ಪ ಮಾಡಿಕೊಂಡಿದ್ದರು. ನಕ್ಷೆಯ ಪ್ರಕಾರ ಬಾಗಿಲು ಬರಬೇಕಿದ್ದ ಕಡೆಯೇ ಕಿಂಡಿ ಬಿಟ್ಟಿದ್ದರು. ಒಳಗೆ, ಅವಳು ಜೋಡಿಸಿದ್ದ ಮೂರು ಕಲ್ಲು ಅಲ್ಲೇ ಇದ್ದವು, ಮಸಿ ಹಿಡಿದು ಕಪ್ಪಾಗಿದ್ದವು. ಮರಿ ಕಾಯುವವರು ಅಲ್ಲಿ ಮುದ್ದೆ ಬೇಯಿಸಿಕೊಳ್ಳುತ್ತಾರೆ ಎಂದಳು ಯಜಮಾನತಿ. ಒಲೆಯ ಪಕ್ಕ, ಅಡಿಗೆಮನೆಯ ತುಂಬ, ಕತ್ತರಿ ಕಾಣದ ಉಣ್ಣೆ ಹರಡಿಕೊಂಡು ಒಂದು ಕರಿ ಟಗರು ಮಲಗಿತ್ತು. ಹಳೆಯದಲ್ಲ. ನಾನು ತೂಗಿದ್ದ ಕಪ್ಪು ಮರಿಗಳಲ್ಲೇ ಒಂದನ್ನು ಹಟ್ಟಿಗಳವರು ಆರಿಸಿ ಬಿಟ್ಟಿದ್ದರು.

"ಎಬ್ಬಿಸಂಗಿಲ್ಲ ಕಣವ್ವ, ಬೀರಪ್ಪಂದು," ಎಂದಳು ಯಜಮಾನತಿ ಸಂಕೋಚದಿಂದ.

"ಇರ್ಲಿ ಬಿಡ್ರಿ. ಮನಿಕ್ಕಳ್ಳಿ. ಒಲೆ ಕಡೆ ಬೆಚ್ಚಗಿರ್ತೈತೆ," ಎಂದು ಹೆಂಡತಿ ಸೆರಗು ಸಿಕ್ಕಿಸಿಕೊಂಡು ಹತ್ತಿ ಹೋಗಿ ನಡುಮನೆಯಲ್ಲಿ ಕುಳಿತಳು. ಕುರಿ ಹಿಕ್ಕೆಯ ವಾಸನೆಗೆ ಈ ಸಲ ಮೂಗು ಮುಚ್ಚಲಿಲ್ಲ. ನನ್ನ ಕಡೆ ನೋಡಿ, "ಬರ್ರಿ ಒಳಗೆ," ಎಂದಳು.

ನಾನು ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು ಒಳಗೆ ಹೋದೆ.